ಸೈನೈಡ್ ದಿಬ್ಬದಲ್ಲಿ ಸಸಿ ನೆಟ್ಟರೆ ಬದುಕುತ್ತಾ?

ಕೆಜಿಎಫ್ ಅಂದರೆ ನನ್ನ ಟೀಮಿನವರಿಗೆ ಸಿನಿಮಾ. ನನಗೆ ಸೋದರಮಾವನ ಊರು. ಆಷಾಢದ ಗಾಳಿ ಜೋರಾದರೆ ಅತ್ತೆ ಕಿಟಕಿ ಮುಚ್ಚಿ, ಒಣಗಲು ಹಾಕಿದ ಬಟ್ಟೆಯನ್ನು ಒಳಗೆ ತರ್ತಾರೆ. ಸೈನೈಡ್ ದಿಬ್ಬಗಳಿಂದ ಏಳುವ ಧೂಳು ಅಷ್ಟಿರುತ್ತೆ. ಮೊನ್ನೆ ನಮ್ಮ ಆಫೀಸಿನ ಸಿಎಸ್‌ಆರ್ ಗುಂಪಿನಲ್ಲಿ, ‘ಅಲ್ಲೇ ಹೋಗಿ ಸಾವಿರ ಸಸಿ ನೆಡೋಣ’ ಅನ್ನೋ ಮಾತು ಬಂತು. ಯೋಚನೆ ಒಳ್ಳೆಯದೇ. ಆದರೆ ನೆಡುವ ಮೊದಲು ಆ ಮಣ್ಣು ಎಂಥದ್ದು ಅಂತ ತಿಳಿಯಬೇಕು.

ನಿಜ ಹೇಳಬೇಕೆಂದರೆ ಅದು ಮಣ್ಣೇ ಅಲ್ಲ, ಬಂಡೆಯ ಹಿಟ್ಟು. 1880ರ ದಶಕದಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಅದಿರನ್ನು ನುಣ್ಣಗೆ ಪುಡಿ ಮಾಡಿ ಚಿನ್ನ ತೆಗೆದರು. ಚಿನ್ನವನ್ನು ಬಿಡಿಸಿಕೊಳ್ಳಲು ಸೈನೈಡ್ ದ್ರಾವಣ ಬಳಸಿದರು. ಒಂದು ಟನ್ ಬಂಡೆಯಲ್ಲಿ ಸಿಗೋದು ಗ್ರಾಂ ಲೆಕ್ಕದ ಚಿನ್ನ, ಮಿಕ್ಕಿದ್ದೆಲ್ಲ ಕೆಸರು. ಹೀಗೆ ಸುರಿದದ್ದು 3 ಕೋಟಿ ಟನ್‌ಗೂ ಹೆಚ್ಚು.

ಸೈನೈಡ್‌ನ ಹೆಚ್ಚಿನಂಶ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತೆ. ಸಸಿಗೆ ಕಷ್ಟ ಕೊಡೋದು ಉಳಿದ ಸಂಗತಿಗಳು. ಈ ಹಿಟ್ಟಿನಲ್ಲಿ ಕೊಳೆತ ಎಲೆಯಿಲ್ಲ, ಎರೆಹುಳು ಇಲ್ಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಒದ್ದೆಯಾಗಿ ಒಣಗಿದರೆ ಮೇಲ್ಪದರ ಗಟ್ಟಿಯಾಗಿ ಮಳೆನೀರು ಜಾರಿಹೋಗುತ್ತೆ. ಅದಿರಿನಲ್ಲಿ ಸಲ್ಫೈಡ್ ಇದ್ದರೆ ನೀರು, ಗಾಳಿ ಸೇರಿ ಆಮ್ಲವಾಗುತ್ತೆ. ಆಮ್ಲ ಹೆಚ್ಚಾದಲ್ಲಿ ಅಲ್ಯುಮಿನಿಯಂ ಕರಗಿ ಬೇರಿನ ತುದಿಯನ್ನೇ ಕುಂಠಿತಗೊಳಿಸುತ್ತೆ. ಚಿನ್ನದ ಅದಿರಿನ ಜೊತೆ ಸಾಮಾನ್ಯವಾಗಿ ಬರುವ ಆರ್ಸೆನಿಕ್‌ದು ಇನ್ನೊಂದು ಕಥೆ. ಅದರ ಒಂದು ರೂಪ ರಂಜಕವನ್ನೇ ಹೋಲುವುದರಿಂದ, ರಂಜಕ ಒಳಹೋಗುವ ದಾರಿಯಲ್ಲೇ ಬೇರಿನೊಳಗೆ ನುಗ್ಗುತ್ತೆ.

ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ ಸಾಕಲ್ವಾ? ಆರಂಭಕ್ಕೆ ಸಾಕು. ಮೊದಲ ವರ್ಷ ಸಸಿ ಹಸಿರಾಗಿ ಚಿಗುರುತ್ತೆ, ನಮ್ಮ ಫೋಟೋಗಳೂ ಚೆನ್ನಾಗಿ ಬರುತ್ತವೆ. ಆಮೇಲೆ ಬೇರು ಗುಂಡಿಯ ಅಂಚು ಮುಟ್ಟುತ್ತೆ. ಆಚೆ ಬರೀ ಹಿಟ್ಟು. ಕುಂಡದಲ್ಲಿಟ್ಟ ಗಿಡದಂತೆ ಬೇರು ಒಳಗೇ ಸುತ್ತಿಕೊಂಡು, ಬೇಸಿಗೆಯಲ್ಲಿ ನೀರು ಸಿಗದೆ ಒಣಗಬಹುದು.

ಹಾಗಾಗಿ ಗುಂಡಿಯಷ್ಟೇ ಅಲ್ಲ, ಸುತ್ತಲಿನ ಜಾಗವೂ ಸುಧಾರಿಸಬೇಕು. ಮೊದಲು ಮಣ್ಣು ಪರೀಕ್ಷೆ. ಆಮ್ಲ ಇದ್ದಲ್ಲಿ ಸುಣ್ಣ. ಜೊತೆಗೆ ಕೊಟ್ಟಿಗೆ ಗೊಬ್ಬರ, ಕೆರೆ ಗೋಡು. ಕೆರೆಗಳ ಜಿಲ್ಲೆಯಾದ ಕೋಲಾರದಲ್ಲಿ ಗೋಡಿಗೆ ಬರವಿಲ್ಲ. ಮೊದಲು ಹುಲ್ಲು ಹಿಡಿಸಿದರೆ ಧೂಳು ಅಲ್ಲೇ ನಿಲ್ಲುತ್ತೆ, ನೆಲಕ್ಕೆ ಕಸಕಡ್ಡಿ ಸೇರುತ್ತೆ. ಆಮೇಲೆ ಹೊಂಗೆ, ಸರ್ವೆಯಂಥ ಮರ. ಇವುಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಕಾಡಿನ ಮಣ್ಣು ಒಂದಿಷ್ಟು ಬೆರೆಸಿದರೆ ಬೇರಿಗೆ ನೆರವಾಗುವ ಶಿಲೀಂಧ್ರವೂ ಬರುತ್ತೆ. ಹಣ್ಣಿನ ಮರ, ಮೇವಿನ ಗಿಡ ಮಾತ್ರ ಬೇಡ. ಆರ್ಸೆನಿಕ್ ನಮ್ಮ ಊಟಕ್ಕೆ ಬರಬಾರದು.

ಇದನ್ನೆಲ್ಲ ಬರೆದು ಗುಂಪಿಗೆ ಕಳಿಸಿದೆ. ಸಾವಿರದ ಬದಲು ನೂರೇ ಸಸಿ ಇರಲಿ, ಉಳಿದ ದುಡ್ಡು ಗೊಬ್ಬರಕ್ಕೆ, ಮೂರು ಬೇಸಿಗೆ ನೀರು ಹಾಕುವವರ ಕೂಲಿಗೆ ಹೋಗಲಿ ಅಂತ ಕೇಳಿದ್ದೀನಿ. ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ನಿಮ್ಮ ಆಫೀಸಿನಲ್ಲೂ ಇಂಥ ಮೇಲ್ ಬಂದರೆ, ಹೆಸರು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಮೂರನೇ ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದಿವೆ ಅಂತ ಎಣಿಸೋರು ಯಾರು?