‘ನೊಕ್ಸ್’, ‘ಇರುಳು’, ‘ರಾತ್ರಿ’: ವಾಚ್ಯಾರ್ಥ–ಲಕ್ಷ್ಯಾರ್ಥಗಳ ಹಂಚಿಕೆ ಮತ್ತು ಚಿಕ್ಕಬಳ್ಳಾಪುರ ಸೀಮೆಯ ದ್ವಿಭಾಷಿಕತೆ

ಸಾರಾಂಶ

ಲ್ಯಾಟಿನ್ ಭಾಷೆಯ ‘ನೊಕ್ಸ್’ ಪದವು ರಾತ್ರಿಯೆಂಬ ಕಾಲವನ್ನು ಹೇಳುವುದರ ಜೊತೆಗೆ ಕತ್ತಲೆ, ಕುರುಡು, ಅಜ್ಞಾನ, ಸಾವುಗಳನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಈ ಅರ್ಥಗಳು ‘ರಾತ್ರಿ’, ‘ಇರುಳು’, ‘ಕತ್ತಲೆ’, ‘ನಕ್ತ’ ಎಂಬ ಬೇರೆ ಬೇರೆ ಪದಗಳಿಗೆ ಹಂಚಿಹೋಗಿವೆ. ಕನ್ನಡ–ತೆಲುಗು ಒಟ್ಟೊಟ್ಟಿಗೆ ಬಳಕೆಯಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಿನ್ನೆಲೆಯಲ್ಲಿ ನೋಡಿದಾಗ ಕಾಲವಾಚಕ ಪದವು ಎರಡೂ ಭಾಷೆಗಳಿಗೆ ಸಮಾನವಾಗಿದ್ದು, ಲಕ್ಷ್ಯಾರ್ಥವನ್ನು ಹೊರುವ ಪದವು ಆಯಾ ಭಾಷೆಯದೇ ಆಗಿ ಉಳಿದಿದೆ. ‘ರಾತ್ರಿಯಿಂದ ಕತ್ತಲೆಗೆ’ ಎಂಬ ಲ್ಯಾಟಿನ್ ಮಾದರಿಯ ಅರ್ಥವಿಸ್ತರಣೆಯನ್ನು ದ್ರಾವಿಡ ಪದಗಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದು ಈ ಲೇಖನದ ವಾದ.

ಮುಖ್ಯಪದಗಳು: ಅರ್ಥಪಲ್ಲಟ, ಲಕ್ಷಣೆ, ಭಾಷಾ ಸಂಪರ್ಕ, ದ್ರಾವಿಡ ನಿಷ್ಪತ್ತಿ, ನಿಘಂಟುರಚನೆ

1. ಪ್ರಸ್ತಾವನೆ

ಪದವೊಂದರ ವಾಚ್ಯಾರ್ಥ ಮೊದಲು, ಲಕ್ಷ್ಯಾರ್ಥ ಅನಂತರ ಎಂಬುದು ನಿಘಂಟುಗಳ ಸಾಮಾನ್ಯ ಕ್ರಮ. ಲಕ್ಷಣೆಗೆ ಮುಖ್ಯಾರ್ಥದ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ ಎಂಬ ಮೂರು ನಿಮಿತ್ತಗಳಿರಬೇಕೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ನಿರೂಪಿಸಿದ್ದಾನೆ. ಈ ನಿರೂಪಣೆಯು ಯಾವುದು ಮುಖ್ಯಾರ್ಥವೆಂಬುದು ಈಗಾಗಲೇ ತಿಳಿದಿದೆಯೆಂದು ಭಾವಿಸುತ್ತದೆ. ಆದರೆ ಚರಿತ್ರೆಯಲ್ಲಿ ಮುಖ್ಯಾರ್ಥವೇ ಸ್ಥಾನ ಬದಲಿಸಿದ್ದರೆ ಏನು ಮಾಡಬೇಕು? ರಾತ್ರಿವಾಚಕ ಪದಗಳು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತವೆ. ನಾವು ಮೊದಲು ಲ್ಯಾಟಿನ್ ಪದವನ್ನು, ಬಳಿಕ ಅದರ ಸಂಸ್ಕೃತ ಸಂಬಂಧಿಯನ್ನು ಮತ್ತು ದ್ರಾವಿಡ ಪದಗಳನ್ನು, ಕೊನೆಗೆ ದ್ವಿಭಾಷಿಕ ಸೀಮೆಯೊಂದರ ಬಳಕೆಯನ್ನು ಪರಿಶೀಲಿಸುತ್ತೇವೆ. ಇಲ್ಲಿ ಕೊಟ್ಟಿರುವ ಕನ್ನಡ ಮತ್ತು ತೆಲುಗು ವಾಕ್ಯಗಳು ದಿನಬಳಕೆಯವು. ಬಳಕೆಯ ಪ್ರಮಾಣವನ್ನು ಲೆಕ್ಕಹಾಕುವುದು ನಮ್ಮ ಉದ್ದೇಶವಲ್ಲ.

2. ‘ನೊಕ್ಸ್’: ಒಂದು ಪದ, ಹಲವು ಅರ್ಥ

‘ನೊಕ್ಸ್’ ಸ್ತ್ರೀಲಿಂಗದ ನಾಮಪದ. ಇದರ ಷಷ್ಠೀ ಏಕವಚನ ‘ನೊಕ್ತಿಸ್’. ಗ್ರೀಕಿನ ‘ನುಕ್ಸ್’, ಲಿಥುವೇನಿಯನ್ನಿನ ‘ನಕ್ತಿಸ್’, ಗಾಥಿಕ್‌ನ ‘ನಹ್ತ್ಸ್’, ಇಂಗ್ಲಿಷಿನ ‘ನೈಟ್’, ವೈದಿಕ ಸಂಸ್ಕೃತದ ‘ನಕ್ತ್’ ಇವೆಲ್ಲ ಇದರ ಜ್ಞಾತಿಪದಗಳು. ಇಂಡೋ-ಯುರೋಪಿಯನ್ ಶಾಖೆಗಳಲ್ಲಿ ಇಷ್ಟು ವ್ಯಾಪಕವಾಗಿ ‘ರಾತ್ರಿ’ ಎಂಬ ಅರ್ಥವೇ ಉಳಿದಿರುವುದರಿಂದ ಕಾಲವಾಚಕತ್ವವೇ ಈ ಪದದ ಮೂಲವೆನ್ನಲು ಬಲವಾದ ಆಧಾರವಿದೆ.

ಈ ಮೂಲದಿಂದ ಲ್ಯಾಟಿನ್ನಿನಲ್ಲಿ ಎರಡು ಬಗೆಯ ವಿಸ್ತರಣೆಗಳಾಗಿವೆ. ಮೊದಲನೆಯದು ವ್ಯುತ್ಪನ್ನ ಮತ್ತು ಸಮಸ್ತ ಪದಗಳದು: ‘ನೊಕ್ತು’ (ರಾತ್ರಿವೇಳೆ), ‘ನೊಕ್ತುರ್ನುಸ್’ (ರಾತ್ರಿಯ), ‘ನೊಕ್ತುಅ’ (ಗೂಬೆ), ‘ಪೆರ್ನೊಕ್ತಾರೆ’ (ರಾತ್ರಿಯಿಡೀ ತಂಗು), ‘ಅಯ್ಕ್ವಿನೊಕ್ತಿಯುಮ್’ (ಹಗಲಿಗೆ ರಾತ್ರಿ ಸಮನಾಗುವ ವಿಷುವ). ಇವುಗಳಲ್ಲಿ ವಾಚ್ಯಾರ್ಥ ಕದಡಿಲ್ಲ.

ಎರಡನೆಯದು ಲಾಕ್ಷಣಿಕ. ಕತುಲ್ಲಸನ ಐದನೆಯ ಕವಿತೆಯಲ್ಲಿ ಸಾವು ಎಡೆಬಿಡದ ಒಂದೇ ರಾತ್ರಿಯಾಗುತ್ತದೆ. ವರ್ಜಿಲನ ‘ಇನೀಡ್’ ಕಾವ್ಯದಲ್ಲಿ ಯೋಧರ ಮರಣವರ್ಣನೆಗೆ ಇದೇ ಪ್ರತಿಮೆ ಒದಗುತ್ತದೆ. ಒವಿಡನ ‘ಮೆಟಮಾರ್ಫಸಿಸ್’ ಕಾವ್ಯದಲ್ಲಿ ಫಿನಿಯಸನ ಕುರುಡುತನಕ್ಕೂ ಮನುಷ್ಯಹೃದಯದ ಅಜ್ಞಾನಕ್ಕೂ ‘ನೊಕ್ಸ್’ ಬಳಕೆಯಾಗಿದೆ. ಸಿಸೆರೊ ತನ್ನ ರೋಸ್ಕಿಯುಸ್ ಪರವಾದ ಭಾಷಣದಲ್ಲಿ ಗಣರಾಜ್ಯದ ದುರವಸ್ಥೆಯನ್ನು ಕವಿದ ರಾತ್ರಿಗೆ ಹೋಲಿಸುತ್ತಾನೆ. ಕತ್ತಲೆಗೆ ‘ತೆನೆಬ್ರಯ್’ ಎಂಬ ಪ್ರತ್ಯೇಕ ಪದವಿದ್ದರೂ ‘ನೊಕ್ಸ್’ ಆ ಕ್ಷೇತ್ರವನ್ನು ಪ್ರವೇಶಿಸುತ್ತದೆ ಎಂಬುದೇ ಇಲ್ಲಿ ಗಮನಾರ್ಹ. ಅರ್ಥಗತಿ ಸ್ಪಷ್ಟವಾಗಿದೆ: ರಾತ್ರಿ → ಕತ್ತಲೆ → ಕುರುಡು, ಅಜ್ಞಾನ, ಸಾವು. ಲೇಕಾಫ್ ಮತ್ತು ಟರ್ನರ್ 1989ರಲ್ಲಿ ವಿವೇಚಿಸಿದ ‘ಆಯುಷ್ಯವೇ ಹಗಲು, ಸಾವೇ ರಾತ್ರಿ’ ಎಂಬ ಪರಿಕಲ್ಪನಾ ರೂಪಕಕ್ಕೆ ಇದು ಸಹಜವಾಗಿ ಹೊಂದುತ್ತದೆ.

3. ಕನ್ನಡದಲ್ಲಿ ‘ನೊಕ್ಸ್’ನ ಬಂಧು

‘ನೊಕ್ಸ್’ನ ನೇರ ಜ್ಞಾತಿಪದವು ಸಂಸ್ಕೃತದ ಮೂಲಕ ಕನ್ನಡಕ್ಕೂ ಬಂದಿದೆ, ಆದರೆ ಅದರ ನೆಲೆ ಬಹಳ ಕಿರಿದು. ಹಗಲು ಉಪವಾಸವಿದ್ದು ರಾತ್ರಿ ಮಾತ್ರ ಉಣ್ಣುವ ‘ನಕ್ತ’ ವ್ರತ, ರಾಕ್ಷಸವಾಚಕವಾದ ‘ನಕ್ತಂಚರ’ ಇಂತಹ ಕೆಲವು ಪ್ರಯೋಗಗಳಿಗೆ ಅದು ಸೀಮಿತ. ಸಂಸ್ಕೃತದಲ್ಲಿಯೇ ಅದನ್ನು ಹಿಂದಿಕ್ಕಿದ ‘ರಾತ್ರಿ’ ಪದವು ಕನ್ನಡದಲ್ಲಿ ಸಾಮಾನ್ಯ ಕಾಲವಾಚಕವಾಗಿದೆ.

‘ರಾತ್ರಿ’ಯ ಅರ್ಥವಿಸ್ತರಣೆ ಬೇರೊಂದು ದಿಕ್ಕಿನದು. ‘ನವರಾತ್ರಿ’ಯಲ್ಲಿ ಅದು ಹಗಲನ್ನೂ ಒಳಗೊಂಡ ಅಹೋರಾತ್ರದ ಎಣಿಕೆ. ಗಾಲರು ಕಾಲವನ್ನು ರಾತ್ರಿಗಳಿಂದ ಎಣಿಸುತ್ತಿದ್ದರೆಂದು ಸೀಸರನೂ ಜರ್ಮನರ ವಿಷಯದಲ್ಲಿ ಹಾಗೆಯೇ ಟ್ಯಾಸಿಟಸನೂ ದಾಖಲಿಸಿದ್ದಾರೆ. ‘ಶಿವರಾತ್ರಿ’ಯಲ್ಲಾದರೋ ರಾತ್ರಿ ರಾತ್ರಿಯೇ. ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿಯ ಭೋಗನಂದೀಶ್ವರ ಸನ್ನಿಧಿಯಲ್ಲಿ ಅಂದು ಜಾಗರಣೆ ಮಾಡುವವರಿಗೆ ಅದು ಯಾಮಗಳಾಗಿ ವಿಭಾಗಗೊಂಡ, ಎಚ್ಚರದಿಂದ ಕಳೆಯಬೇಕಾದ ವೇಳೆ. ಎರಡೂ ಸಮಾಸಗಳಲ್ಲಿ ‘ರಾತ್ರಿ’ ಕಾಲದ ಕ್ಷೇತ್ರವನ್ನು ಬಿಟ್ಟು ಹೋಗಿಲ್ಲ.

4. ‘ಇರುಳು’: ವಿರುದ್ಧ ದಿಕ್ಕಿನ ಪಯಣ

ಬರೋ ಮತ್ತು ಎಮಿನೊ ಅವರ ದ್ರಾವಿಡ ನಿಷ್ಪತ್ತಿ ನಿಘಂಟು (1961, ಎರಡನೆಯ ಆವೃತ್ತಿ 1984) ಒಂದೆಡೆ ತರುವ ಜ್ಞಾತಿಪದಗಳು ಹೀಗಿವೆ: ತಮಿಳಿನಲ್ಲಿ ‘ಇರುಳ್’ ಎಂದರೆ ಕತ್ತಲೆ, ‘ಇರಾ’ ಮತ್ತು ‘ಇರವು’ ಎಂದರೆ ರಾತ್ರಿ, ತೆಲುಗಿನಲ್ಲಿ ‘ಇರುಲು’ ಎಂದರೆ ಕತ್ತಲೆ, ‘ರೇಯಿ’ ಎಂದರೆ ರಾತ್ರಿ, ಕನ್ನಡ ಮತ್ತು ತುಳುಗಳಲ್ಲಿ ‘ಇರುಳು’ ಎಂದರೆ ರಾತ್ರಿ.

ತಮಿಳು ದಕ್ಷಿಣ ದ್ರಾವಿಡ ಶಾಖೆಗೂ ತೆಲುಗು ದಕ್ಷಿಣ-ಮಧ್ಯ ಶಾಖೆಗೂ ಸೇರಿದ ಭಾಷೆಗಳು. ಬೇರೆ ಬೇರೆ ಶಾಖೆಗಳ ಈ ಎರಡು ಭಾಷೆಗಳು ಕತ್ತಲೆಗೊಂದು, ರಾತ್ರಿಗೊಂದು ರೂಪವನ್ನು ಒಂದೇ ರೀತಿಯಲ್ಲಿ ಬೇರ್ಪಡಿಸುತ್ತವೆ. ಆದುದರಿಂದ ಈ ಭೇದವೇ ಹಳೆಯದು, ಕನ್ನಡ–ತುಳುಗಳಲ್ಲಿ ಕತ್ತಲೆಯ ಪದವು ರಾತ್ರಿಯ ಸ್ಥಾನಕ್ಕೆ ಸರಿದಿದೆ ಎಂದು ಊಹಿಸುವುದು ಯುಕ್ತ. ಕನ್ನಡದಲ್ಲಿ ತೆರವಾದ ಸ್ಥಾನವನ್ನು ‘ಕತ್ತಲೆ’ ತುಂಬಿದೆ. ‘ಕಾರಿರುಳು’ ಎಂಬ ಸಮಾಸದಲ್ಲಿ ಇಂದಿಗೂ ಕಪ್ಪು ಮತ್ತು ಕಾಲ ಎರಡೂ ಬೆರೆತಿವೆ.

ಇಂತಹ ಪಲ್ಲಟ ಹೇಗೆ ನಡೆಯುತ್ತದೆಂಬುದಕ್ಕೆ ಇಂದಿನ ಮಾತೇ ಸಾಕ್ಷಿ. ‘ಕತ್ತಲಾಗೋದರೊಳಗೆ ಬಾ’ ಎಂಬಲ್ಲಿ ಹೇಳುತ್ತಿರುವುದು ಬೆಳಕಿನ ಅಭಾವವನ್ನೋ ಹೊತ್ತನ್ನೋ ಎಂದು ಬಿಡಿಸಿ ಹೇಳಲಾಗದು. ತೆಲುಗಿನ ‘ಚೀಕಟಿ ಪಡಕಮುಂದೇ ರಾ’ ಎಂಬಲ್ಲಿಯೂ ಹಾಗೆಯೇ. ಇಂತಹ ಸಂದಿಗ್ಧ ಸಂದರ್ಭಗಳೇ ಅರ್ಥಪಲ್ಲಟದ ಸೇತುವೆಗಳು. ಹಿಂದೆ ‘ಇರುಳ್’ ದಾಟಿದ ಹಾದಿಯ ಆರಂಭದಲ್ಲಿ ಇಂದು ‘ಕತ್ತಲೆ’ ನಿಂತಿದೆ. ಲ್ಯಾಟಿನ್ನಿನ ಗತಿಗೆ ಇದು ತೀರ ವಿರುದ್ಧ: ಇಲ್ಲಿ ಕತ್ತಲೆಯಿಂದ ಕಾಲಕ್ಕೆ, ಅಲ್ಲಿ ಕಾಲದಿಂದ ಕತ್ತಲೆಗೆ.

5. ನಾಲ್ಕು ತಾಲ್ಲೂಕುಗಳ ಬಳಕೆ

ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು 2007ರಲ್ಲಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗ. ಗೌರಿಬಿದನೂರಿನ ಉತ್ತರಕ್ಕೆ ಆಂಧ್ರದ ಹಿಂದೂಪುರವಿದೆ. ಮನೆಯಲ್ಲಿ ತೆಲುಗು, ಶಾಲೆ–ಕಚೇರಿಗಳಲ್ಲಿ ಕನ್ನಡ ಎಂಬ ಸ್ಥಿತಿ ಇಲ್ಲಿ ಅಪರೂಪವಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಎರಡೂ ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಶಿಡ್ಲಘಟ್ಟದ ರೇಷ್ಮೆ ವ್ಯವಹಾರದಲ್ಲಿ ಇವೆರಡರ ಜೊತೆಗೆ ಉರ್ದುವೂ ಕೇಳಿಬರುತ್ತದೆ.

ಈ ಮೂರೂ ಭಾಷೆಗಳ ಕಾಲವಾಚಕ ಒಂದೇ ಮೂಲದ್ದು. ಕನ್ನಡ ಮತ್ತು ತೆಲುಗುಗಳಿಗೆ ‘ರಾತ್ರಿ’ ಎರವಲಾಗಿ ಬಂದರೆ, ಉರ್ದುವಿನ ‘ರಾತ್’ ಪ್ರಾಕೃತದ ‘ರತ್ತಿ’ಯ ಮೂಲಕ ಪರಂಪರೆಯಿಂದ ಇಳಿದುಬಂದಿದೆ. ಕನ್ನಡ–ತೆಲುಗುಗಳಲ್ಲಿ ಪದವಷ್ಟೇ ಅಲ್ಲ, ಅದರ ಪ್ರಯೋಗವಿಧಾನವೂ ಸಮಾನ:

(1) ರಾತ್ರಿ ನಿದ್ದೆ ಬರಲಿಲ್ಲ. / ರಾತ್ರಿ ನಿದ್ರ ಪಟ್ಟಲೇದು.
(2) ರಾತ್ರಿಗೆ ಏನು ಅಡುಗೆ? / ರಾತ್ರಿಕಿ ಏಮಿ ವಂಟ?

(1)ರಲ್ಲಿ ಯಾವ ವಿಶೇಷಣವೂ ಇಲ್ಲದೆ ‘ಕಳೆದ ರಾತ್ರಿ’ ಎಂಬ ಅರ್ಥ, (2)ರಲ್ಲಿ ‘ಬರುವ ರಾತ್ರಿ’ ಎಂಬ ಅರ್ಥ. ಲ್ಯಾಟಿನ್ನಿನ ‘ಹಾಕ್ ನೊಕ್ತೆ’ ಎಂಬುದೂ ಸಂದರ್ಭಾನುಸಾರ ಕಳೆದ ಅಥವಾ ಬರುವ ರಾತ್ರಿಯನ್ನು ಸೂಚಿಸಬಲ್ಲದು.

ಲಕ್ಷ್ಯಾರ್ಥದ ಸಂದರ್ಭಗಳಲ್ಲಿ ಈ ಪದಸಾಮ್ಯ ನಿಂತುಹೋಗುತ್ತದೆ:

(3) ಕಣ್ಣು ಕತ್ತಲೆ ಬಂತು. / ಕಳ್ಳು ಚೀಕಟ್ಲು ಕಮ್ಮಾಯಿ.
(4) ಬಾಳು ಕತ್ತಲೆಯಾಯಿತು. / ಬತುಕು ಚೀಕಟಯಿಂದಿ.
(5) ಅಜ್ಞಾನದ ಕತ್ತಲೆ / ಅಜ್ಞಾನಪು ಚೀಕಟಿ

ಇವುಗಳಲ್ಲಿ ಯಾವುದರಲ್ಲಿಯೂ ‘ರಾತ್ರಿ’ಯನ್ನು ಇಟ್ಟು ಮಾತಾಡುವುದಿಲ್ಲ. ‘ಕಣ್ಣು ರಾತ್ರಿ ಬಂತು’ ಎಂಬುದು ವಾಕ್ಯವೇ ಅಲ್ಲ. ಕುರುಡು, ದುರವಸ್ಥೆ, ಅಜ್ಞಾನ ಎಂಬ ಈ ಮೂರೂ ಕ್ಷೇತ್ರಗಳಿಗೆ ‘ನೊಕ್ಸ್’ ಹೋಗಬಲ್ಲದೆಂಬುದನ್ನು ಮೇಲೆ ಕಂಡೆವು. ಇಲ್ಲಿ ರೂಪಕದ ರಚನೆ ಎರಡೂ ಭಾಷೆಗಳಿಗೆ ಸಮಾನ, ಅದನ್ನು ಹೊರುವ ಪದ ಮಾತ್ರ ಭಿನ್ನ.

‘ಕಾಳರಾತ್ರಿ’, ‘ಕರಾಳ ರಾತ್ರಿ’ ಎಂಬ ಪ್ರಯೋಗಗಳು ಇದಕ್ಕೆ ಅಪವಾದವೆಂದು ತೋರಬಹುದು. ಆದರೆ ಅಲ್ಲಿ ಭಯ–ವಿಪತ್ತುಗಳ ಸೂಚನೆ ಪೂರ್ವಪದದಿಂದ ಬರುತ್ತದೆ. ಅದನ್ನು ತೆಗೆದರೆ ಉಳಿಯುವುದು ಬರಿಯ ಹೊತ್ತು.

6. ಚರ್ಚೆ

ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪ್ಪವಾಡದ ಅಧ್ಯಯನವು ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದಾಗುತ್ತ, ಪದಕೋಶ ಬೇರೆಯಾಗಿಯೇ ಉಳಿದುದನ್ನು ತೋರಿಸಿತು. ನಮ್ಮ ಸಾಮಗ್ರಿಯು ಪದಕೋಶದ ಒಳಗೇ ಅಂತಹ ವಿಭಾಗವಿರಬಹುದೆಂದು ಸೂಚಿಸುತ್ತದೆ. ಗಡಿಯಾರದ, ದುಡಿಮೆಯ, ಊಟದ ಹೊತ್ತಿನ ಮಾತು ಹಂಚಿಕೊಂಡ ಪದವನ್ನು ಸುಲಭವಾಗಿ ಒಪ್ಪುತ್ತದೆ. ನುಡಿಗಟ್ಟುಗಳಲ್ಲಿ ಹೆಪ್ಪುಗಟ್ಟಿದ ಪದ ಸ್ಥಳ ಬಿಟ್ಟು ಕದಲುವುದಿಲ್ಲ. ‘ಇರುಳು’ ಸಹ ದಿನಬಳಕೆಯಲ್ಲಿ ‘ರಾತ್ರಿ’ಗೆ ಎಡೆಮಾಡಿಕೊಟ್ಟು, ‘ಹಗಲಿರುಳು’, ‘ಇರುಳುಗುರುಡು’ ಎಂಬ ಸಮಾಸಗಳಲ್ಲಿಯೂ ಇರುಳು ಕಂಡ ಬಾವಿಗೆ ಹಗಲು ಬಿದ್ದವರ ಗಾದೆಯಲ್ಲಿಯೂ ಉಳಿದುಕೊಂಡಿದೆ. ಈ ಊಹೆಯನ್ನು ‘ಹಗಲು’, ‘ಬೆಳಕು’, ‘ನೆರಳು’ಗಳಂತಹ ಪದಗಳ ಮೇಲೆ ಕ್ಷೇತ್ರಕಾರ್ಯದಿಂದ ಪರೀಕ್ಷಿಸಬಹುದು.

ನಿಘಂಟುಕಾರರಿಗೆ ಇದರಿಂದ ಎರಡು ಸೂಚನೆಗಳು ದೊರೆಯುತ್ತವೆ. ಒಂದು, ‘ಇರುಳು’ ಪದದ ಕೆಳಗೆ ‘ಕತ್ತಲೆ’ಯ ಅರ್ಥ ಬಂದಲ್ಲಿ ಅದನ್ನು ತಾನಾಗಿಯೇ ‘ಲಾಕ್ಷಣಿಕ’ವೆಂದು ಗುರುತಿಸಬಾರದು; ಅದು ಹಳೆಯ ಮುಖ್ಯಾರ್ಥದ ಶೇಷವಾಗಿರಬಹುದು. ಕನ್ನಡ ‘ಇರುಳು’ ಮತ್ತು ತೆಲುಗು ‘ಇರುಲು’ ರೂಪದಲ್ಲಿ ಹತ್ತಿರವಿದ್ದು ಅರ್ಥದಲ್ಲಿ ಬೇರೆಯಾಗಿರುವುದನ್ನು ದ್ವಿಭಾಷಾ ನಿಘಂಟುಗಳು ಸ್ಪಷ್ಟಪಡಿಸಬೇಕು. ಸೋದರಭಾಷೆಗಳ ರೂಪಗಳನ್ನು ಜೊತೆಗಿಡುವ ಪದ್ಧತಿಯನ್ನು ಕಿಟೆಲ್ 1894ರಲ್ಲಿಯೇ ಅನುಸರಿಸಿದ್ದಾರೆ. ಅರ್ಥಭೇದವನ್ನೂ ಅದರೊಡನೆ ನಮೂದಿಸುವುದು ಮುಂದಿನ ಹೆಜ್ಜೆ. ಎರಡು, ‘ನೊಕ್ಸ್’ಗೆ ‘ರಾತ್ರಿ’ ಎಂಬ ಒಂದೇ ಸಮಾನಪದ ಸಾಲದು. ಕುರುಡು, ಅಜ್ಞಾನ, ದುರವಸ್ಥೆಗಳ ಸಂದರ್ಭದಲ್ಲಿ ‘ಕತ್ತಲೆ’ಯೂ, ಸಾವಿನ ಸಂದರ್ಭದಲ್ಲಿ ‘ಇರುಳು’ ಅಥವಾ ‘ಕತ್ತಲೆ’ಯೂ ಬೇಕಾದೀತು.

7. ಸಮಾರೋಪ

ರಾತ್ರಿ ಮತ್ತು ಕತ್ತಲೆಗಳ ಸಾಹಚರ್ಯ ಎಲ್ಲೆಡೆಯೂ ಇದೆ. ಆ ಸಾಹಚರ್ಯದಲ್ಲಿ ಯಾವುದು ವಾಚ್ಯ, ಯಾವುದು ಲಕ್ಷ್ಯ ಎಂಬುದು ಆಯಾ ಭಾಷೆಯ ಚರಿತ್ರೆಯಿಂದ ನಿರ್ಧಾರವಾಗುತ್ತದೆ. ಲ್ಯಾಟಿನ್ನಿನಲ್ಲಿ ಕಾಲದ ಪದವು ಕತ್ತಲೆಯನ್ನು ಗಳಿಸಿಕೊಂಡಿತು. ಕನ್ನಡದಲ್ಲಿ ಕತ್ತಲೆಯ ಪದವು ಕಾಲವಾಯಿತು. ಚಿಕ್ಕಬಳ್ಳಾಪುರ ಸೀಮೆಯ ಮಾತುಗಾರರಿಗೆ ಹೊತ್ತಿನ ಪದ ಎರಡೂ ಭಾಷೆಗಳಲ್ಲಿ ಒಂದೇ, ಕತ್ತಲೆಗೆ ಮಾತ್ರ ಆಯಾ ಭಾಷೆಯ ಪದವೇ ಬೇಕು. ಅರ್ಥಪಲ್ಲಟದ ಸಾಮಾನ್ಯ ಸೂತ್ರಗಳನ್ನು ರೂಪಿಸುವಾಗ ಇಂತಹ ಸಂಪರ್ಕಸೀಮೆಗಳ ಸಾಮಗ್ರಿಯನ್ನೂ ಮೂಲ ಆಕರವಾಗಿ ಪರಿಗಣಿಸಬೇಕೆಂಬುದು ನಮ್ಮ ನಿಲುವು.