ನೋವಿಲ್ಲದೆ ದೃಷ್ಟಿ ಕಸಿಯುವ ಸೋಂಕು

ಕಣ್ಣು ಕೆಂಪಾದರೆ, ಉರಿದರೆ ನೀವು ಕೂಡಲೇ ಎಚ್ಚೆತ್ತುಕೊಳ್ಳುತ್ತೀರಿ. ಆದರೆ ಕೆಂಪೂ ಆಗದೆ, ನೋವೂ ಕೊಡದೆ ಕಣ್ಣಿನ ಒಳಪರದೆಯನ್ನು ಹಾಳುಗೆಡವುತ್ತಾ ಹೋಗುವ ವೈರಸ್ ಒಂದಿದೆ. ಅದರ ಹೆಸರು ಸೈಟೋಮೆಗಾಲೋ ವೈರಸ್, ವೈದ್ಯರು ಸಿ.ಎಂ.ವಿ. ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರ ದೇಹದಲ್ಲಿ ಅದು ಅಡಗಿ ಕುಳಿತಿರುತ್ತದೆ. ರೋಗನಿರೋಧಕ ಶಕ್ತಿ ಚೆನ್ನಾಗಿರುವವರೆಗೆ ಅದು ಸಾಮಾನ್ಯವಾಗಿ ತಲೆಯೆತ್ತುವುದಿಲ್ಲ.

ಆ ಶಕ್ತಿ ಕುಂದಿದಾಗಲೇ ಅಪಾಯ. ಎಚ್.ಐ.ವಿ. ಸೋಂಕಿತರಲ್ಲಿ ಸಿ.ಡಿ.4 ಕಣಗಳ ಸಂಖ್ಯೆ 50ಕ್ಕಿಂತ ಕೆಳಗಿಳಿದರೆ ಈ ಭಯ ಹೆಚ್ಚು. ಕಿಡ್ನಿ ಅಥವಾ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವವರೂ ಜಾಗರೂಕರಾಗಿರಬೇಕು.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಆಗಾಗ ವಿಚಾರಿಸಿ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುತ್ತವೆಯೇ? ಮಿಂಚು ಹೊಡೆದಂತಾಗುತ್ತದೆಯೇ? ಒಂದು ಬದಿಗೆ ಪರದೆ ಬಿದ್ದಂತಿದೆಯೇ? ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಲು ಹೇಳಿ, ಬಳಿಕ ಇನ್ನೊಂದು. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ, ರೋಗಿಗೇ ತಿಳಿಯುವುದಿಲ್ಲ. ಆದರೂ ಇದು ಪರೀಕ್ಷೆಗೆ ಬದಲಿಯಲ್ಲ. ಏನೂ ತೊಂದರೆ ಕಾಣದ ಕಣ್ಣಿನಲ್ಲೂ ಸೋಂಕು ಆರಂಭವಾಗಿರಬಹುದು. ಪಾಪೆ ಹಿಗ್ಗಿಸುವ ಹನಿ ಹಾಕಿ ವೈದ್ಯರು ಒಳಗೆ ನೋಡಿದರೆ ಮಾತ್ರ ಗೊತ್ತಾದೀತು.

ಇದಕ್ಕೆ ಗಾನ್ಸಿಕ್ಲೋವಿರ್ ಎಂಬ ಔಷಧಿ 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ರಕ್ತನಾಳಕ್ಕೆ, ಅಗತ್ಯವಿದ್ದರೆ ಕಣ್ಣಿನೊಳಕ್ಕೇ ಅದರ ಚುಚ್ಚುಮದ್ದು ಕೊಡುತ್ತಾರೆ; ಅದೇ ಬಗೆಯ ಮಾತ್ರೆಯೂ ಇದೆ. ಸತ್ತುಹೋದ ಪರದೆ ಮರಳಿ ಬಾರದು. ಉಳಿದ ದೃಷ್ಟಿಯನ್ನೂ ಇನ್ನೊಂದು ಕಣ್ಣನ್ನೂ ಕಾಪಾಡಿಕೊಳ್ಳಬಹುದು, ಆದ್ದರಿಂದಲೇ ಈ ಅವಸರ. ಎಚ್.ಐ.ವಿ. ಇರುವವರಿಗೆ ಎ.ಆರ್.ಟಿ. ಚಿಕಿತ್ಸೆ ತಪ್ಪಬಾರದು. ನಮ್ಮ ದೇಶದಲ್ಲಿ 2004ರಿಂದ ಸರಕಾರ ಅದನ್ನು ಉಚಿತವಾಗಿ ನೀಡುತ್ತಿದೆ. ಜನರ ಬಾಯಿಗೆ ಅಂಜಿ ಅದನ್ನು ಪಡೆಯದಿರುವವರನ್ನು ನೆನೆದರೆ ಸಂಕಟವಾಗುತ್ತದೆ. ಕಸಿ ಮಾಡಿಸಿಕೊಂಡವರು ಮಾತ್ರ, ಸೋಂಕಿನ ಹೆದರಿಕೆಯಿಂದ ತಮ್ಮ ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು. ದೇಹವು ಆ ಅಂಗವನ್ನೇ ತಿರಸ್ಕರಿಸೀತು.

ಸರ್ಪಸುತ್ತಿನ ವಿಷಯವನ್ನೂ ಹೇಳಬೇಕು. ಹಿಂದೆಂದೋ ಬಂದುಹೋದ ಚಿಕನ್‌ಪಾಕ್ಸ್ ವೈರಸ್, ದೇಹ ಸೋತಾಗ ಮತ್ತೆ ಎದ್ದು ಬರುವುದೇ ಸರ್ಪಸುತ್ತು. ಹಣೆಯ ಒಂದೇ ಬದಿಯಲ್ಲಿ ಉರಿಯುವ ಗುಳ್ಳೆಗಳೆದ್ದು, ಮೂಗಿನ ತುದಿಯಲ್ಲೂ ಕಾಣಿಸಿಕೊಂಡರೆ ಕಣ್ಣಿಗೂ ತಗಲುವ ಸಂಭವ ಹೆಚ್ಚು. ಕೆಮ್ಮಣ್ಣು ಹಚ್ಚಿ ಕಾಯುತ್ತಾ ಕೂರಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಆರಂಭಿಸುವುದು ಉತ್ತಮ. ತಡವಾಗಿದ್ದರೂ ವೈದ್ಯರಲ್ಲಿಗೆ ಹೋಗಲೇಬೇಕು. ಕಳೆದ ವರ್ಷ ಉಳಿದ ಕಣ್ಣಿನ ಹನಿಯ ಬಾಟಲಿ ಕಪಾಟಿನಲ್ಲಿದ್ದರೆ ಅದನ್ನು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಲವು ವೈರಸ್ ಹುಣ್ಣುಗಳು ಕಣ್ಣಿನ ಕರಿಗುಡ್ಡೆಯ ಮೇಲೆ ಇನ್ನಷ್ಟು ಹರಡುತ್ತವೆ.