ಶಾಲೆಗೆ ಹಿರಿಯರು, ಏಳನೇ ಕ್ಲಾಸಿನವರು

ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಹಳ್ಳಿಯ ಯಾವುದಾದರೂ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿನ ಬಳಿ ನಿಂತು ನೋಡಿ. ಮೇಷ್ಟ್ರು, ಟೀಚರುಗಳಲ್ಲಿ ಒಬ್ಬಿಬ್ಬರು ಇನ್ನೂ ಬಸ್ಸಿನಲ್ಲಿರುತ್ತಾರೆ. ಶಾಲೆ ಮಾತ್ರ ಆಗಲೇ ಶುರುವಾಗಿರುತ್ತದೆ. ಒಬ್ಬಳು ಕೊಠಡಿಗಳ ಬಾಗಿಲು ತೆಗೆಯುತ್ತಿದ್ದಾಳೆ. ಇಬ್ಬರು ಜಗಲಿಗೆ ಮೈಕ್ ತಂದಿಟ್ಟು ವೈರು ಸಿಕ್ಕಿಸುತ್ತಿದ್ದಾರೆ. ಇನ್ನೊಬ್ಬ, ಅಳುತ್ತಾ ನಿಂತ ಒಂದನೇ ಕ್ಲಾಸಿನ ಮಗುವಿನ ಮೂಗು ಒರೆಸಿ, ಕೈಹಿಡಿದು ಸಾಲಿಗೆ ಸೇರಿಸುತ್ತಿದ್ದಾನೆ. ಚಿಕ್ಕ ಮಕ್ಕಳು ಇವರನ್ನು ಅಣ್ಣ, ಅಕ್ಕ ಎಂದೇ ಕರೆಯುವುದು. ಇವರೆಲ್ಲ ಏಳನೇ ಕ್ಲಾಸಿನವರು, ಆ ಶಾಲೆಯ ಹಿರಿಯರು.

ಕರ್ನಾಟಕದಲ್ಲಿ ಒಂದರಿಂದ ಐದರವರೆಗೆ ಇದ್ದರೆ ಕಿರಿಯ ಪ್ರಾಥಮಿಕ ಶಾಲೆ, ಏಳರವರೆಗೆ ಇದ್ದರೆ ಹಿರಿಯ ಪ್ರಾಥಮಿಕ ಶಾಲೆ. ಎಂಟರಿಂದ ಹೈಸ್ಕೂಲು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗಿನ ಓದನ್ನು ಒಂದೇ ಘಟ್ಟವೆಂದು ಎಣಿಸುವುದರಿಂದ ಕೆಲವು ಶಾಲೆಗಳಿಗೆ ಎಂಟನೇ ತರಗತಿಯೂ ಸೇರಿಕೊಂಡಿದೆ. ಆದರೂ ಬಹಳಷ್ಟು ಊರುಗಳಲ್ಲಿ ಊರಶಾಲೆಯ ಓದು ಮುಗಿಯುವುದು ಏಳಕ್ಕೇ.

ಏಳನೇ ಕ್ಲಾಸಿಗೆ ಒಂದು ಕಾಲದಲ್ಲಿ ಬಹಳ ತೂಕವಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಏಳನೇ ಇಯತ್ತೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವರು ಕನ್ನಡ ಶಾಲೆಯ ಮಾಸ್ತರಿಕೆಗೆ ಅರ್ಹರಾಗುತ್ತಿದ್ದರು. ಹಳೇ ಮೈಸೂರಿನ ಕಡೆ ಎಲ್.ಎಸ್. (ಲೋವರ್ ಸೆಕೆಂಡರಿ) ಪರೀಕ್ಷೆ ಎಂದರೆ ಮನೆಯ ಹಿರಿಯರು ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ರಾಜ್ಯ ಒಂದಾದ ಮೇಲೂ ಬಹಳ ವರ್ಷ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ನಡೆಯಿತು. ಈಗ ಅದಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಮಕ್ಕಳ ಬಾಯಲ್ಲಿ ಎಫ್‌ಎ, ಎಸ್‌ಎ. ಪರೀಕ್ಷೆಯ ಭಯ ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಈ ವರ್ಷದ ಮೇಲೆ ಹಿರಿಯರಿಗಿದ್ದ ಗಮನವೂ ಹೋಯಿತು. ಹೈಸ್ಕೂಲಿಗೆ ಹೋಗುವ ಮುನ್ನ ಕಳೆಯಬೇಕಾದ ಒಂದು ವರ್ಷ ಎಂಬಂತೆ ಮನೆಯವರು ಇದನ್ನು ನೋಡುತ್ತಾರೆ. ಆದರೆ ಏಳು ವರ್ಷ ಕಲಿತದ್ದನ್ನು ಮಗು ನಿಜವಾಗಿ ತನ್ನದು ಮಾಡಿಕೊಳ್ಳುವುದು ಈ ವರ್ಷದಲ್ಲಿ. ತನಗಿಂತ ಚಿಕ್ಕವರಿಗೆ, ಪಕ್ಕದಲ್ಲಿ ಕೂತವರಿಗೆ ಹೇಳಿಕೊಡುತ್ತಲೇ ಅದು ಆಗುತ್ತದೆ.

ಪ್ರಾರ್ಥನೆಯಿಂದ ಪಾಠಕ್ಕೆ

ಬೆಳಗಿನ ಪ್ರಾರ್ಥನೆ ನಡೆಸಿಕೊಡುವುದು ಹೆಚ್ಚಾಗಿ ಏಳನೆಯವರೇ. ನಾಡಗೀತೆ, ಆಮೇಲೆ ಸಂವಿಧಾನದ ಪೀಠಿಕೆ. 2023ರಿಂದ ಪೀಠಿಕೆ ಓದುವುದು ಶಾಲೆಗಳ ದಿನಚರಿಗೆ ಸೇರಿದೆ. ಒಬ್ಬರು ಒಂದೊಂದು ತುಣುಕು ಹೇಳಿಕೊಟ್ಟರೆ ಉಳಿದವರು ಹೇಳುತ್ತಾರೆ. ‘ಸಾರ್ವಭೌಮ’, ‘ಧರ್ಮನಿರಪೇಕ್ಷ’ ಎಂಬ ಪದಗಳು ಒಂದನೇ ತರಗತಿಯವರ ನಾಲಿಗೆಗೆ ಹೊರಳುವುದಿಲ್ಲ. ಹೇಳಿಕೊಡುವ ಅಕ್ಕ ನಿಧಾನವಾಗಿ ಬಿಡಿಸಿ ಹೇಳುತ್ತಾಳೆ. ಹಾಗೆ ಬಿಡಿಸಿ ಹೇಳುವಾಗಲೇ ಅವಳ ಉಚ್ಚಾರವೂ ತಿದ್ದಿಕೊಳ್ಳುತ್ತದೆ. ದಿನಕ್ಕೊಂದು ಗಾದೆ, ಪತ್ರಿಕೆಯ ನಾಲ್ಕು ಸುದ್ದಿ, ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ. ಮನೆಯಲ್ಲಿ ಪತ್ರಿಕೆ ಇಲ್ಲದ ಹುಡುಗ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಹಿಂದಿನ ಸಂಜೆಯೇ ಸುದ್ದಿ ಬರೆದುಕೊಂಡು ಬಂದಿರುತ್ತಾನೆ. ಕೈನಡುಗಿದರೂ ಎಲ್ಲರೆದುರು ನಿಂತು ಓದಿ ಮುಗಿಸುತ್ತಾನೆ.

ಮೊದಲ ಗಂಟೆ ಬಾರಿಸಿದ ಮೇಲೆ ವೇಳಾಪಟ್ಟಿ ಆಳುತ್ತದೆ. ಕನ್ನಡ ಮಾಧ್ಯಮದಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಮೂರು ಭಾಷೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ದೈಹಿಕ ಶಿಕ್ಷಣ. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಐದರವರೆಗೆ 200 ದಿನ, 800 ಗಂಟೆ ಸಾಕು. ದೊಡ್ಡ ಮಕ್ಕಳಿಗಾಗಿ ಪದವೀಧರ ಪ್ರಾಥಮಿಕ ಶಿಕ್ಷಕರು ಎಂಬ ಬೇರೆಯೇ ಹುದ್ದೆ ಇದೆ. ಆ ಹುದ್ದೆ ಖಾಲಿ ಬಿದ್ದ ಕಡೆ ಅತಿಥಿ ಶಿಕ್ಷಕರು ನಿಭಾಯಿಸುತ್ತಾರೆ. ಅವರೂ ಇಲ್ಲದ ಕಡೆ ಐದನೆಯ, ಆರನೆಯ ತರಗತಿಯನ್ನು ಏಳನೆಯವರ ಪಕ್ಕದಲ್ಲೇ ಕೂರಿಸಿ ಒಬ್ಬರೇ ಮೇಷ್ಟ್ರು ಮೂರು ಬೋರ್ಡಿನಲ್ಲಿ ಬರೆಯುತ್ತಾರೆ.

ಗೆರೆಯ ಮೇಲೆ ನಡೆದ ಲೆಕ್ಕ

ಏಳನೇ ತರಗತಿಯ ಗಣಿತದಲ್ಲಿ ಮಕ್ಕಳು ಎಡವುವುದು ಋಣ ಸಂಖ್ಯೆಗಳಲ್ಲಿ. ಮೈನಸ್ ಮೂರರಿಂದ ಮೈನಸ್ ಐದನ್ನು ಕಳೆದರೆ ಎರಡು ಹೇಗೆ ಬರುತ್ತದೆ? ಕಳೆದ ಮೇಲೆ ಕಡಿಮೆಯಾಗಬೇಕಲ್ಲ, ಹೆಚ್ಚಾಗಿದೆ! ‘ಮೈನಸ್ಸು ಮೈನಸ್ಸು ಪ್ಲಸ್ಸು’ ಎಂದು ಬಾಯಿಪಾಠ ಮಾಡಿಸಿದರೆ ಉತ್ತರ ಬರುತ್ತದೆ, ಅರ್ಥ ಬರುವುದಿಲ್ಲ. ಒಳ್ಳೆಯ ಗಣಿತ ಮೇಷ್ಟ್ರು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರೆ.

ಸುಣ್ಣದ ಪುಡಿಯಲ್ಲಿ ಉದ್ದಕ್ಕೊಂದು ಗೆರೆ. ನಡುವೆ ಸೊನ್ನೆ, ಬಲಕ್ಕೆ ಒಂದು, ಎರಡು, ಮೂರು. ಎಡಕ್ಕೆ ಮೈನಸ್ ಒಂದು, ಮೈನಸ್ ಎರಡು, ಮೈನಸ್ ಮೂರು. ಆಟದ ನಿಯಮ ಇಷ್ಟೇ: ಕೂಡುವುದಾದರೆ ಬಲಕ್ಕೆ ಮುಖ ಮಾಡು, ಕಳೆಯುವುದಾದರೆ ಎಡಕ್ಕೆ ಮುಖ ಮಾಡು. ಬಂದ ಸಂಖ್ಯೆ ಧನವಾದರೆ ಮುಂದಕ್ಕೆ ಹೆಜ್ಜೆ ಇಡು, ಋಣವಾದರೆ ಹಿಂದಕ್ಕೆ. ಹುಡುಗಿಯೊಬ್ಬಳು ಮೈನಸ್ ಮೂರರ ಮೇಲೆ ನಿಲ್ಲುತ್ತಾಳೆ. ಕಳೆಯಬೇಕು, ಎಡಕ್ಕೆ ತಿರುಗುತ್ತಾಳೆ. ಕಳೆಯಬೇಕಾದದ್ದು ಮೈನಸ್ ಐದು, ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಸೊನ್ನೆ ಬಂದಿರುತ್ತದೆ. ನಾಲ್ಕು, ಐದು. ನಿಂತು ಕೆಳಗೆ ನೋಡಿದರೆ ಕಾಲಡಿ ಎರಡು. ಆಮೇಲೆ ಅವಳೇ, ಇನ್ನೂ ಅನುಮಾನದಲ್ಲಿ ನಿಂತ ಗೆಳೆಯನ ಭುಜ ಹಿಡಿದು ತಿರುಗಿಸಿ, ‘ಹಿಂದಕ್ಕೆ ನಡಿಯೋ, ಮುಂದಕ್ಕಲ್ಲ’ ಎಂದು ನಡೆಸುತ್ತಾಳೆ. ಮೇಷ್ಟ್ರು ಮಾತಾಡದೆ ಪಕ್ಕಕ್ಕೆ ಸರಿದು ನಿಂತರೆ ಪಾಠ ತಾನಾಗಿ ಮುಂದುವರಿಯುತ್ತದೆ. ಗೆಳೆಯನನ್ನು ನಡೆಸಿದ ಮೇಲೆ ಆ ಲೆಕ್ಕವನ್ನು ಅವಳು ಮರೆಯುವುದು ಕಷ್ಟ.

ವಿಜ್ಞಾನದ ಅವಧಿಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ, ಅಡುಗೆಮನೆಯ ಅರಿಶಿನ ಸಾಕು. ಪುಡಿಯನ್ನು ನೀರಲ್ಲಿ ಕಲಸಿ ಹೀರುಕಾಗದಕ್ಕೆ ಬಳಿದು ಒಣಗಿಸಿ ಪಟ್ಟಿಗಳಾಗಿ ಕತ್ತರಿಸುತ್ತಾರೆ. ನಿಂಬೆರಸ ಹಾಕಿದರೆ ಹಳದಿ ಹಾಗೇ ಇರುತ್ತದೆ. ಸಾಬೂನಿನ ನೀರು ಹಾಕಿದರೆ ಕೆಂಪು. ಸುಣ್ಣದ ತಿಳಿ ಹಾಕಿದರೂ ಕೆಂಪು. ಆಗ ಯಾರಾದರೂ ಒಬ್ಬರು ಮದುವೆಮನೆಯಲ್ಲಿ ಆರತಿಯ ತಟ್ಟೆಗೆ ಅಜ್ಜಿ ಅರಿಶಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡುವುದನ್ನು ನೆನಪಿಸುತ್ತಾರೆ. ಇನ್ನೊಬ್ಬರು ಬಿಳಿ ಅಂಗಿಗೆ ಬಿದ್ದ ಸಾರಿನ ಕಲೆ ಸಾಬೂನು ತಾಗಿದೊಡನೆ ಕೆಂಪಾದದ್ದನ್ನು ಹೇಳುತ್ತಾರೆ. ಕೆಂಪಾದ ಪಟ್ಟಿಗೆ ಮತ್ತೆ ನಿಂಬೆರಸ ಬಿಟ್ಟರೆ ಹಳದಿಗೆ ತಿರುಗುತ್ತದೆ. ಇದನ್ನು ಮಕ್ಕಳು ಸಂಜೆ ಮನೆಗೆ ಹೋಗಿ ಅಜ್ಜಿಗೆ ಮಾಡಿ ತೋರಿಸುತ್ತಾರೆ. ಅಲ್ಲಿಗೆ ಆ ಪಾಠ ಮುಗಿಯಿತು ಎನ್ನಬಹುದು.

ಊಟ, ಮಾತ್ರೆ, ಮಂತ್ರಿಮಂಡಲ

ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್. ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿದ ಯೋಜನೆ ಇದು. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯದ ಲೆಕ್ಕ, ಆರರಿಂದ ಮೇಲೆ 150 ಗ್ರಾಂ. ಬೆಳೆಯುವ ಮೈಗೆ ಬೇಕಾದ ತೂಕ ಅದು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯ ಬಣ್ಣವೂ ಬದಲಾಗುತ್ತದೆ: ಚಿಕ್ಕವರಿಗೆ ಗುಲಾಬಿ, ಆರನೆಯ ತರಗತಿಯಿಂದ ನೀಲಿ. ನೀಲಿ ಮಾತ್ರೆ ನುಂಗುವುದು ದೊಡ್ಡವರಾದ ಗುರುತೆಂದು ಮಕ್ಕಳು ಹೆಮ್ಮೆಪಡುತ್ತಾರೆ. ಮೈನೆರೆಯುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಮಾತ್ರೆ, ಮೊಟ್ಟೆ, ಬೇಳೆ ಎಷ್ಟು ಮುಖ್ಯ ಎಂಬುದನ್ನು ತಾಯಂದಿರಿಗೆ ತಿಳಿಹೇಳುವ ಕೆಲಸವನ್ನು ಟೀಚರುಗಳು ಸದ್ದಿಲ್ಲದೆ ಮಾಡುತ್ತಾ ಬಂದಿದ್ದಾರೆ.

ಊಟದ ಸಾಲಿನಲ್ಲಿ ನಿಂತು ಚಿಕ್ಕವರ ತಟ್ಟೆ ನೋಡುವವರು ‘ಆಹಾರ ಮಂತ್ರಿ’. ಶಾಲೆ ತೆರೆದ ಮೊದಲ ತಿಂಗಳುಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಚಿಹ್ನೆ, ಮತಗಟ್ಟೆ ಅಧಿಕಾರಿ, ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು. ಮೇಷ್ಟ್ರ ಮೊಬೈಲಿನ ಆ್ಯಪ್ ಮತಯಂತ್ರವಾಗುತ್ತದೆ. ಗೆಲ್ಲುವವರು ಬಹುಪಾಲು ಏಳನೆಯವರು. ಮುಖ್ಯಮಂತ್ರಿ, ಸ್ವಚ್ಛತಾ ಮಂತ್ರಿ, ಗ್ರಂಥಾಲಯ ಮಂತ್ರಿ, ಕ್ರೀಡಾ ಮಂತ್ರಿ. ಜೊತೆಗೆ ವಿರೋಧ ಪಕ್ಷದ ನಾಯಕಿ. ಹೆಡ್‌ಮೇಷ್ಟ್ರು ಮನಸ್ಸುಕೊಟ್ಟ ಶಾಲೆಗಳಲ್ಲಿ ಈ ಮಂತ್ರಿಮಂಡಲ ವಾರಕ್ಕೊಮ್ಮೆ ಸಭೆ ಸೇರುತ್ತದೆ. ನಲ್ಲಿ ಸೋರುತ್ತಿದೆ, ಎರಡನೇ ಕ್ಲಾಸಿನ ಕಿಟಕಿ ಮುರಿದಿದೆ, ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲ ಎಂಬುದೆಲ್ಲ ಪುಸ್ತಕದಲ್ಲಿ ದಾಖಲಾಗುತ್ತದೆ. ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಇದೇ ಪುಸ್ತಕ ಹಿಡಿದು ಹೋಗುವ ಮಕ್ಕಳಿದ್ದಾರೆ. ಅಧ್ಯಕ್ಷರ ಎದುರು ನಿಂತು ಚಿಲಕ ಕೇಳಿ ಪಡೆದ ಹುಡುಗಿಗೆ ಪೌರನೀತಿಯ ಪಾಠವನ್ನು ಬೇರೆಯಾಗಿ ಹೇಳಬೇಕಿಲ್ಲ.

ಬಿಟ್ಟುಹೋದದ್ದನ್ನು ಹಿಡಿಯುವ ವರ್ಷ

ಕೊರೋನಾ ಕಾಲದ ಮಕ್ಕಳನ್ನು ನೆನೆದರೆ ಏಳನೇ ಕ್ಲಾಸಿನ ಬೆಲೆ ಇನ್ನಷ್ಟು ಗೊತ್ತಾಗುತ್ತದೆ. 2019ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ವರ್ಷ ಮುಗಿಯುವ ಮುನ್ನವೇ ಶಾಲೆಯ ಬಾಗಿಲು ಮುಚ್ಚಿದ್ದನ್ನು ಕಂಡಿತು. ನಲಿ-ಕಲಿಯಲ್ಲಿ ಕಾರ್ಡು ಹಿಡಿದು ಅಕ್ಷರ ಜೋಡಿಸಬೇಕಾದ ಎರಡನೇ ತರಗತಿ ಮನೆಯಲ್ಲೇ ಕಳೆಯಿತು. ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆಗ ಆ ಮಗು ಮೂರನೇ ತರಗತಿ. ಅದೇ ಮಗು 2025-26ರಲ್ಲಿ ಏಳನೇ ತರಗತಿಗೆ ಬಂತು. ಒತ್ತಕ್ಷರ ತಪ್ಪುವ, ಭಾಗಾಕಾರಕ್ಕೆ ಹೆದರುವ ಮಕ್ಕಳು ಆ ತಂಡದಲ್ಲಿದ್ದರೆ ತಪ್ಪು ಅವರದಲ್ಲ. ಹೈಸ್ಕೂಲಿನಲ್ಲಿ ಒತ್ತಕ್ಷರ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ವಿಷಯಕ್ಕೊಬ್ಬರು ಮೇಷ್ಟ್ರು, ಮುಂದೆ ಎಸ್ಸೆಸ್ಸೆಲ್ಸಿ.

ಹೀಗಾಗಿ ಅನುಭವಸ್ಥ ಶಿಕ್ಷಕರು ಏಳನೆಯ ತರಗತಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸುತ್ತಾರೆ, ಉಕ್ತಲೇಖನ ಬರೆಸುತ್ತಾರೆ, ಇಪ್ಪತ್ತರ ಮಗ್ಗಿ ಹೇಳಿಸುತ್ತಾರೆ. ಓದು ಕುಂಟುವ ಹುಡುಗನಿಗೆ ಎಲ್ಲರೆದುರು ಅವಮಾನವಾಗದಂತೆ ಮಾಡುವ ಒಂದು ಉಪಾಯ ಬಹಳ ಚೆನ್ನಾಗಿ ನಡೆಯುತ್ತದೆ: ಅವನನ್ನೇ ಎರಡನೇ ಕ್ಲಾಸಿನ ಮಕ್ಕಳಿಗೆ ಕಥೆ ಓದಿಹೇಳಲು ಕಳಿಸುವುದು. ಚಿಕ್ಕವರ ಮುಂದೆ ತಪ್ಪಬಾರದೆಂದು ಅವನು ಹಿಂದಿನ ದಿನವೇ ಆ ಕಥೆಯನ್ನು ಐದಾರು ಸಲ ಓದಿಕೊಳ್ಳುತ್ತಾನೆ. ಸುಲಭದ ಪುಸ್ತಕ ಹಿಡಿದುಕೊಂಡೆನೆಂಬ ನಾಚಿಕೆಯೂ ಇಲ್ಲ, ಕಲಿಕೆಯೂ ನಿಲ್ಲುವುದಿಲ್ಲ.

ಶನಿವಾರ

ಶನಿವಾರ ಬೆಳಗಿನ ಶಾಲೆ. ಅಂಗಳದಲ್ಲಿ ಸಾಮೂಹಿಕ ಕವಾಯತು, ಎಣಿಕೆ ಹೇಳುವುದು ಏಳನೆಯವರು. ಆಮೇಲೆ ಖೋಖೋ, ಕಬಡ್ಡಿ, ವಲಯಮಟ್ಟದ ಕ್ರೀಡಾಕೂಟಕ್ಕೆ, ಪ್ರತಿಭಾ ಕಾರಂಜಿಗೆ ತಾಲೀಮು. ಊಟಕ್ಕೆ ಉಪ್ಪಿಟ್ಟೋ ಬಿಸಿಬೇಳೆ ಬಾತೋ. ತಿಂಗಳ ಮೂರನೇ ಶನಿವಾರ ‘ಸಂಭ್ರಮ ಶನಿವಾರ’, ಅಂದು ಬ್ಯಾಗು ತರುವಂತಿಲ್ಲ. ಊರ ಕುಂಬಾರರು ಬಂದು ಚಕ್ರ ತಿರುಗಿಸಿ ತೋರಿಸಬಹುದು, ಅಂಚೆಯಣ್ಣ ಪತ್ರದ ದಾರಿ ಹೇಳಬಹುದು, ಆಶಾ ಕಾರ್ಯಕರ್ತೆ ರಕ್ತಹೀನತೆಯ ಬಗ್ಗೆ ಮಾತಾಡಬಹುದು. ಹಾಗೆ ಊರೇ ಒಳಗೆ ಬಂದ ಶನಿವಾರಗಳಲ್ಲಿ ಪ್ರಶ್ನೆ ಕೇಳುವುದನ್ನು ಚಿಕ್ಕವರು ದೊಡ್ಡವರಿಂದ ಕಲಿಯುತ್ತಾರೆ.

ಮಾರ್ಚ್ ಬಂತೆಂದರೆ ಬೀಳ್ಕೊಡುಗೆ. ಮಕ್ಕಳು ಹಣ ಕೂಡಿಸಿ ಶಾಲೆಗೊಂದು ಗೋಡೆ ಗಡಿಯಾರವನ್ನೋ ಕುರ್ಚಿಯನ್ನೋ ಕೊಡುತ್ತಾರೆ, ಮೇಷ್ಟ್ರ ಜೊತೆ ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಫಲಿತಾಂಶ, ಆಮೇಲೆ ಟಿ.ಸಿ. ಹೈಸ್ಕೂಲು ಬೇರೆ ಊರಲ್ಲಿದ್ದರೆ ಕೆಲವು ಹೆಣ್ಣುಮಕ್ಕಳ ಓದು ಈ ತಿರುವಿನಲ್ಲೇ ನಿಲ್ಲುವ ಅಪಾಯವಿದೆ. ಅದನ್ನು ತಡೆಯಲೆಂದೇ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಿತ್ತು, ಅದು ಮುಂದೆ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸಿನ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತ. ಬಸ್ಸಿಲ್ಲದ ಊರಿನ ಹುಡುಗಿಗೆ ಮಾತ್ರ ಮನೆಯವರ ಧೈರ್ಯವೇ ಬೇಕು. ಟಿ.ಸಿ. ಕೈಗೆ ಕೊಡುವ ಹೆಡ್‌ಮೇಷ್ಟ್ರು ಯಾವ ಹೈಸ್ಕೂಲಿಗೆ ಸೇರಿದಳೆಂದು ಜೂನ್‌ನಲ್ಲಿ ಒಂದು ಫೋನ್ ಮಾಡಿ ವಿಚಾರಿಸಿದರೆ, ನಿಂತುಹೋಗಬಹುದಾಗಿದ್ದ ಎಷ್ಟೋ ಓದು ಮುಂದುವರಿಯುತ್ತದೆ.

ನಮ್ಮ ಊರುಗಳಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಸನ್ಮಾನವಾಗುತ್ತದೆ, ಬ್ಯಾನರ್ ಕಟ್ಟುತ್ತಾರೆ. ಅದಕ್ಕೂ ಮೂರು ವರ್ಷ ಮುಂಚೆ, ಯಾರ ಕಣ್ಣಿಗೂ ಬೀಳದ ಏಳನೇ ಕ್ಲಾಸಿನಲ್ಲಿ ಆ ಅಂಕಗಳ ಅಡಿಪಾಯ ಬಿದ್ದಿರುತ್ತದೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್.ಡಿ.ಎಂ.ಸಿ.), ಹಳೆಯ ವಿದ್ಯಾರ್ಥಿಗಳು, ಊರಲ್ಲಿ ನಿವೃತ್ತರಾಗಿ ಕೂತ ಮೇಷ್ಟ್ರುಗಳು ವಾರಕ್ಕೊಂದು ಗಂಟೆ ಈ ತರಗತಿಗೆ ಕೊಡಬಹುದು. ಒಬ್ಬ ಹುಡುಗನಿಗೆ ಓದಿಸಿ, ಒಬ್ಬ ಹುಡುಗಿಗೆ ಭಿನ್ನರಾಶಿ ಬಿಡಿಸಿ ಹೇಳಿ ಬರಬಹುದು. ಅದಕ್ಕೆ ಸರ್ಕಾರದ ಸುತ್ತೋಲೆ ಬೇಕಿಲ್ಲ, ಹೆಡ್‌ಮೇಷ್ಟ್ರನ್ನು ಒಂದು ಮಾತು ಕೇಳಿದರೆ ಸಾಕು. ಶಾಲೆಯ ಹಿರಿಯರಾಗಿ ವರ್ಷವಿಡೀ ಚಿಕ್ಕವರನ್ನು ನೋಡಿಕೊಳ್ಳುವ ಈ ಮಕ್ಕಳನ್ನು ಊರ ಹಿರಿಯರೂ ಅಷ್ಟೇ ಅಕ್ಕರೆಯಿಂದ ನೋಡಿಕೊಳ್ಳಬೇಕು.